ಹಪ್ಪಳದ ಬಟ್ಟೆಯ ಸೀಸ

ಗಂಟೆಗೆ ಐವತ್ತೆಂಟು ಕಿಲೋಮೀಟರ್ ವೇಗದ ತನಕ ನಮ್ಮ ಹಳೇ ಅಂಬಾಸಡರ್ ಕಾರು ಪರಮ ಸಾಧು. ಅರವತ್ತು ಮುಟ್ಟಿತೋ, ಮೈಮೇಲೆ ದೇವರು ಬಂದ ಹಾಗೆ ನಡುಗಲು ಶುರು. ಮೊದಲು ಸ್ಟೇರಿಂಗು, ಆಮೇಲೆ ನನ್ನ ಮೊಣಕೈ, ಆಮೇಲೆ ಗಲ್ಲ, ಕಡೆಗೆ ಹಿಂದಿನ ಸೀಟಿನಲ್ಲಿ ಕೂತ ಅಕ್ಕನ ಬೈಗುಳ. "ತ-ತ-ತಮಾ, ನಿ-ನಿಧಾನಾ" ಎಂದು ಅವಳು ಕೂಗುವಾಗ ನನಗೆ ನಗು ತಡೆಯುತ್ತಿರಲಿಲ್ಲ. ನಕ್ಕರೆ ನನ್ನ ನಗುವೂ ತುಂಡು ತುಂಡಾಗಿ ಹೊರಗೆ ಬರುತ್ತಿತ್ತು. ಎಪ್ಪತ್ತೈದು ದಾಟಿಸಿದರೆ ನಡುಕ ನಿಲ್ಲುತ್ತದೆ ಎಂದು ನಾನು ವಾದ ಮಾಡುತ್ತಿದ್ದೆ. ಅದು ಸುಳ್ಳಲ್ಲ. ಆದರೆ ಸಿದ್ದಾಪುರದ ತಿರುವುಗಳಲ್ಲಿ ಎಪ್ಪತ್ತೈದು ದಾಟಿಸುವವನ ಹಿಂದೆ ಯಾರು ಕೂರುತ್ತಾರೆ?

ಕಾರು ಅಪ್ಪಯ್ಯನದು. ಅವನು ತೀರಿಕೊಂಡ ಮೇಲೆ ಅಕ್ಕನಿಗೂ ನನಗೂ ಸೇರಿ ಬಂತು. ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಮದುವೆಯಾಗಲಿಲ್ಲ, ಆಗುವ ಮನಸ್ಸೂ ಮಾಡಲಿಲ್ಲ. ನಮ್ಮ ಮನೆಯ ಸುಪ್ರೀಂ ಕೋರ್ಟು ಅವಳೇ. ನನ್ನ ಹೆಂಡತಿ ಜಾಣೆ, ಕಾರಿನ ವಿಷಯಕ್ಕೆ ತಲೆ ಹಾಕದೆ ಬಸ್ಸಿನಲ್ಲಿ ಓಡಾಡುತ್ತಾಳೆ. ನಾನು ನಿವೃತ್ತ ಹೈಸ್ಕೂಲು ಮಾಸ್ತರ. ಮೂವತ್ತು ವರ್ಷ ವಿಜ್ಞಾನ ಕಲಿಸಿದ್ದೇನೆ. ಇದನ್ನು ನೆನಪಿಡಿ, ಮುಂದೆ ನನ್ನ ಮಾನ ಹೋಗುವುದು ಇದೇ ಕಾರಣಕ್ಕೆ.

ನಡುಕಕ್ಕೆ ನಾನು ಮಾಡದ ಔಷಧವಿಲ್ಲ. ರಸ್ತೆಯನ್ನು ಬೈದೆ. ಸ್ಟೇರಿಂಗಿನ ಕೆಳಗಿನ ಕೀಲುಗಳನ್ನು ಬದಲಾಯಿಸಿದೆ. ಕಡೆಗೆ ನಾಲ್ಕೂ ಹೊಸ ಟೈರು ತಂದು ರಸ್ತೆ ಬದಿಯ ಪಂಕ್ಚರ್ ಅಂಗಡಿಯಲ್ಲಿ ಹಾಕಿಸಿದೆ. "ಶಿರಸಿಗೆ ಹೋಗಿ ವೀಲ್ ಬ್ಯಾಲೆನ್ಸ್ ಮಾಡ್ಸಿ" ಎಂದ ಅಂಗಡಿಯವನಿಗೆ, "ನಮ್ಮಪ್ಪಯ್ಯನ ಕಾಲದಲ್ಲಿ ಯಾವ ಬ್ಯಾಲೆನ್ಸ್ ಮಷೀನು ಇತ್ತೋ? ಅವನ ಕಾಲದಲ್ಲಿ ನಡುಗಿತ್ತಾ?" ಎಂದು ಗತ್ತಿನಿಂದ ಕೇಳಿದೆ. ಅವನು ದುಡ್ಡು ಎಣಿಸಿಕೊಂಡು ಒಳಗೆ ಹೋದ. ಗೆದ್ದೆ ಎಂದುಕೊಂಡು ಮನೆ ಕಡೆ ಹೊರಟೆ. ಅರವತ್ತಕ್ಕೆ ಕಾರು ಮೊದಲಿಗಿಂತ ಹೆಚ್ಚು ಹುರುಪಿನಿಂದ ಕುಣಿಯಿತು.

ಅಷ್ಟರಲ್ಲಿ ಕಾರು ಕೊಳ್ಳಲು ಗಿರಾಕಿಯೊಬ್ಬರು ಹುಟ್ಟಿಕೊಂಡರು. ಯಲ್ಲಾಪುರದ ಹೆದ್ದಾರಿ ಬದಿಯಲ್ಲಿ ಹೊಸ ಹೋಟೆಲು ತೆಗೆದವರು. ಅವರಿಗೆ ಕಾರು ಓಡಿಸಲು ಬೇಡ. ಹೋಟೆಲಿನ ಎದುರು ಸಿಮೆಂಟು ಕಟ್ಟೆ ಕಟ್ಟಿ, ಅದರ ಮೇಲೆ ಕಾರು ಕೂರಿಸಿ, ಬಾನೆಟ್ಟಿನ ಮೇಲೆ ಹೂವಿನ ಕುಂಡ ಇಡಬೇಕಂತೆ. ಬಂದವರೆಲ್ಲ ನಿಂತು ಸೆಲ್ಫಿ ತೆಗೆದುಕೊಳ್ಳಬೇಕಂತೆ. ಹೂಕುಂಡ! ನನಗೆ ಊಟ ಸೇರಲಿಲ್ಲ. ಅಕ್ಕ ಮಾತ್ರ ಎಲೆಯಡಿಕೆಯ ಕವಳ ಜಗಿಯುತ್ತ ತೀರ್ಪು ಕೊಟ್ಟಳು.

"ಅಪ್ಪಯ್ಯನ ಕಾರೂ ಬೇಕು, ನೀನೂ ಬೇಕು. ಎರಡ್ರಲ್ಲಿ ಒಂದೇ ಹೇಳಾದ್ರೆ ಕಾರು ಹೋಗ್ಲಿ. ನೀ ಕಾರು ತಗಂಡು ಹೋದ ದಿನ ತಿರುಗಿ ಬಪ್ಪ ತನಕ ಆನು ಬಾಗ್ಲಲ್ಲೇ ನಿಂತ್ಕತ್ತೆ, ಗೊತ್ತಿದ್ದಾ?"

ಗೊತ್ತಿರಲಿಲ್ಲ. ನಾಚಿಕೆಯಾಯಿತು. ಆದರೂ ಗೋಗರೆದೆ, ಒಂದು ಅವಕಾಶ ಕೊಡು ಎಂದು. ಅವಳು ಯೋಚಿಸಿ ಪರೀಕ್ಷೆ ಇಟ್ಟಳು: "ಬಪ್ಪ ಭಾನುವಾರ ಯಲ್ಲಾಪುರಕ್ಕೆ ಹೋಪ. ದಾರೀಲಿ ಅರವತ್ತರಲ್ಲಿ ಹೊಡಿ. ಆನು ಹಿಂದೆ ಕೂತ್ಕಂಡು ಕವಳ ಮಾಡ್ತೆ. ಸುಣ್ಣ ಎಲೆ ಮೇಲೆ ಬಿದ್ರೆ ಕಾರು ನಮ್ಮದು. ಸೀರೆ ಮೇಲೆ ಬಿದ್ರೆ ಹೋಟ್ಲಲ್ಲಿ ಕೀಲಿಕೈ ಕೊಟ್ಟು ಬಸ್ಸಿಗೆ ಬಪ್ಪದು. ಸೈ?"

ಸೈ ಎನ್ನದೆ ಬೇರೆ ದಾರಿ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆಯೇ ಶಿರಸಿಯ ಗ್ಯಾರೇಜಿನಲ್ಲಿದ್ದೆ. ಮೇಸ್ತ್ರಿ ಸಾಹೇಬರು ನನ್ನ ವಯಸ್ಸಿನವರೇ. ಅವರ ತಂದೆಯೂ ಇದೇ ಕೆಲಸ ಮಾಡಿದವರು, ಅಪ್ಪಯ್ಯನ ಕಾರಿನ ಕೆಳಗೆ ಮಲಗಿ ಎದ್ದವರು. ನಡುಕದ ಕಥೆ ಪೂರ್ತಿ ಕೇಳಿಸಿಕೊಳ್ಳದೆ ಚಕ್ರ ಬಿಚ್ಚಿದರು. ರಿಮ್ಮಿನ ಒಳಮೈಯಲ್ಲಿ ನಮ್ಮ ದಾರಿಯ ಕೆಂಪು ಮಣ್ಣು ಒಣಗಿ ಹೆಂಟೆಯಾಗಿತ್ತು. ಅದನ್ನು ಕೆರೆದು ತೆಗೆದು ಚಕ್ರವನ್ನು ಮಷೀನಿಗೆ ಏರಿಸಿದರು. ಚಕ್ರ ಗಿರ್ರನೆ ತಿರುಗಿ ನಿಂತಿತು, ಪರದೆಯ ಮೇಲೆ ಕೆಂಪು ಅಂಕಿ ಬಂತು.

"ಅರೇ, ಎಪ್ಪತ್ತು ಗ್ರಾಮು! ಮಾಸ್ತರ್ರೇ, ನೀವು ಕಾರು ಹೊಡೀತಿದ್ರೋ, ರುಬ್ಬೋ ಕಲ್ಲು ತಿರುಗಿಸ್ತಿದ್ರೋ?"

ಚಕ್ರದ ಒಂದು ಬದಿ ಹಗುರ, ಇನ್ನೊಂದು ಬದಿ ಭಾರ. ಹಗುರವಿದ್ದ ಕಡೆ ತೂಕ ಸೇರಿಸಬೇಕು, ಅಷ್ಟೇ. ಸಾಹೇಬರು ಡಬ್ಬಿಯಿಂದ ಬೆರಳುದ್ದದ ಸೀಸದ ತುಂಡೊಂದನ್ನು ತೆಗೆದರು. ತುಸು ಬಾಗಿದ ತುಂಡು, ಬೆನ್ನಿಗೊಂದು ಕಬ್ಬಿಣದ ಕೊಕ್ಕೆ. ರಿಮ್ಮಿನ ಅಂಚಿಗೆ ಸಿಕ್ಕಿಸಿ ಸುತ್ತಿಗೆಯಿಂದ ಟಕ್ ಎಂದು ಹೊಡೆದರು.

ನನ್ನ ಎದೆಯೂ ಟಕ್ ಎಂದಿತು. ಆ ತುಂಡು ನನಗೆ ಗೊತ್ತು! ಅಂಥ ಒಂಬತ್ತು ತುಂಡು ನಮ್ಮ ಮನೆಯಲ್ಲಿವೆ! ಬೇಸಿಗೆಯಲ್ಲಿ ಅಂಗಳದ ತುಂಬ ಹಲಸಿನ ಹಪ್ಪಳ ಒಣಗಿಸುವಾಗ ಮೇಲೆ ಹೊದಿಸಿದ ತೆಳು ಬಟ್ಟೆ ಗಾಳಿಗೆ ಹಾರದ ಹಾಗೆ ಅಂಚಿಗೆ ಇಡುವ ಭಾರ ಅದೇ.

ಒಂದೊಂದೇ ನೆನಪಾಯಿತು. ಕಾರು ನನ್ನ ಕೈಗೆ ಬಂದ ಮೊದಲ ವರ್ಷದ ಆಯುಧಪೂಜೆ. ನಮ್ಮಲ್ಲಿ ಆ ದಿನಕ್ಕೆ ಕತ್ತಿ, ಗುದ್ದಲಿ, ಪಂಪು ಎಲ್ಲ ತೊಳೆದು ಕುಂಕುಮ ಹಚ್ಚುತ್ತೇವೆ. ಅಪ್ಪಯ್ಯ ಕಾರಿಗೆ ಬರೀ ನೀರು ಹೊಯ್ಯುತ್ತಿದ್ದ. ನಾನು ಅಷ್ಟಕ್ಕೆ ಬಿಡುವ ಗಂಡೇ? ಹಿಂದಿನ ದಿನವೇ ಅಂಗಳದಲ್ಲಿ ಮಣೆ ಹಾಕಿಕೊಂಡು ಕೂತು, ಹುಣಸೆಹಣ್ಣು ಹಚ್ಚಿ ನಾಲ್ಕೂ ರಿಮ್ಮು ತಿಕ್ಕಿದೆ. ಅಂಚಿನಲ್ಲಿ ಕಪ್ಪಗೆ ಅಂಟಿಕೊಂಡ ಗಂಟುಗಳು ಕಂಡವು. ಎಂಥ ಕೊಳೆಯಪ್ಪಾ, ತಿಕ್ಕಿದರೂ ಹೋಗುವುದಿಲ್ಲ ಎಂದು ಸ್ಕ್ರೂಡ್ರೈವರು ಕೊಟ್ಟು ಒಂದೊಂದಾಗಿ ಮೀಟಿ ಎಬ್ಬಿಸಿದೆ. ಎಷ್ಟು ಶ್ರದ್ಧೆ! ಅಕ್ಕ ಬಂದು ನೋಡಿ, "ಭಾರ ಇದ್ದು, ಬಿಸಾಡಡ" ಎಂದು ಸೆರಗಿನಲ್ಲಿ ಕಟ್ಟಿಕೊಂಡು ಒಳಗೆ ಹೋದಳು. ಮರುದಿನ ಕಾರಿಗೆ ಹಾರ ಹಾಕಿ, ಕುಂಬಳಕಾಯಿ ಒಡೆದು, ಒಂದು ಸುತ್ತು ಹೋಗಿ ಬಂದೆವು. ನಡುಕ ಶುರುವಾಗಿದ್ದು ಆ ಸುತ್ತಿನಲ್ಲಿಯೇ.

ಅಪ್ಪಯ್ಯನ ಕಾಲದಲ್ಲಿ ಬ್ಯಾಲೆನ್ಸ್ ಇರಲಿಲ್ಲವೆಂದು ಊರಿಗೆಲ್ಲ ಸಾರಿದ್ದೆನಲ್ಲ? ಅವನು ಸದ್ದಿಲ್ಲದೆ ಮಾಡಿಸಿಟ್ಟಿದ್ದ. ತಿರುಗುವ ವಸ್ತುವಿನ ಒಂದು ಬದಿ ಭಾರವಾದರೆ ಏನಾಗುತ್ತದೆ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ಮೂವತ್ತು ವರ್ಷ ಪಾಠ ಮಾಡಿದ ನಾನು, ಅವನ ಬ್ಯಾಲೆನ್ಸನ್ನು ಭಕ್ತಿಯಿಂದ ಕೆರೆದು ತೆಗೆದಿದ್ದೆ.

ಸಾಹೇಬರಿಗೆ ಹೇಳಿದೆ. ಅವರು ಸುತ್ತಿಗೆ ಕೆಳಗಿಟ್ಟು, ಟೈರಿನ ರಾಶಿಗೆ ಒರಗಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. "ಸೀಸ ತಿನ್ನೋ ಪದಾರ್ಥದ ಹತ್ರ ಇಡಬೇಡಿ ಮಾರಾಯ್ರೇ, ನಂಗೆ ತಂದುಕೊಡಿ" ಎಂದರು. ಮನೆಗೆ ಬಂದು ಅಕ್ಕನಿಗೆ ಹೇಳಿದರೆ ಅವಳೂ ಅಷ್ಟೇ, ಜಗಲಿಯ ಕಂಬ ಹಿಡಿದುಕೊಂಡು ನಕ್ಕಳು. ಆದರೆ ಪರೀಕ್ಷೆ ಮಾತ್ರ ರದ್ದು ಮಾಡಲಿಲ್ಲ.

ಭಾನುವಾರ ತಿಂಡಿ ಮುಗಿಸಿ ಹೊರಟೆವು. ಶಿರಸಿ ದಾಟಿ ಯಲ್ಲಾಪುರದ ರಸ್ತೆ ಹಿಡಿದೆವು. ಒಂದು ನೇರ ರಸ್ತೆ ಸಿಕ್ಕಿದ್ದೇ ಅಕ್ಕ ಕವಳದ ಸಂಚಿ ಬಿಚ್ಚಿ ತೊಡೆಯ ಮೇಲೆ ಎಲೆ ಹರವಿದಳು. ಐವತ್ತು. ಐವತ್ತೈದು. ಅರವತ್ತು. ನಾನು ಅಭ್ಯಾಸಬಲದಿಂದ ಹಲ್ಲು ಕಚ್ಚಿಕೊಂಡೆ. ಏನೂ ಆಗಲಿಲ್ಲ. ಸ್ಟೇರಿಂಗು ಮಲಗಿದ ಬೆಕ್ಕಿನ ಹಾಗೆ ಕೈಯಲ್ಲಿತ್ತು. ಅರವತ್ತೈದು! ಕನ್ನಡಿಯಲ್ಲಿ ನೋಡಿದೆ: ಅಕ್ಕ ಬೆರಳ ತುದಿಯಿಂದ ಎಲೆಯ ಬೆನ್ನಿಗೆ ಸುಣ್ಣ ಸವರುತ್ತಿದ್ದಳು, ಮನೆಯ ಜಗಲಿಯಲ್ಲಿ ಕೂತಷ್ಟೇ ಸಾವಧಾನವಾಗಿ.

"ಹ್ಯಾಂಗಿದ್ದು?" ಎಂದೆ.

"ಸುಮ್ನಿರು. ಒಂದರಲ್ಲಿ ಗೊತ್ತಾಗ್ತಿಲ್ಲೆ" ಎಂದು ಇನ್ನೊಂದು ಎಲೆ ತೆಗೆದಳು.

ಮಂಚಿಕೇರಿ ಬರುವಷ್ಟರಲ್ಲಿ ಏಳು ಕವಳ ಆಗಿತ್ತು. ಎರಡು ಅವಳ ಬಾಯಲ್ಲಿ, ಒಂದು ನನ್ನ ಬಾಯಲ್ಲಿ, ಉಳಿದವು ಸೀಟಿನ ಮೇಲೆ ಸಾಲಾಗಿ. ಸೀರೆಯ ಮೇಲೆ ಒಂದು ಚುಕ್ಕೆ ಸುಣ್ಣವಿಲ್ಲ. ನನಗೆ ಹುಚ್ಚು ಖುಷಿ. ಎದುರಿಗೆ ಬಂದ ಲಾರಿಗೆಲ್ಲ ಹಾರ್ನ್ ಹೊಡೆದೆ, ದನಕ್ಕೂ ಹೊಡೆದೆ. ಅಕ್ಕ ಬೈಯಲಿಲ್ಲ. ಕಿಟಕಿಯ ಗಾಜು ಪೂರ್ತಿ ಇಳಿಸಿ ಗಾಳಿಗೆ ಮುಖವೊಡ್ಡಿ ಕೂತಳು.

ಯಲ್ಲಾಪುರ ಬಂತು. ಹೆದ್ದಾರಿಗೆ ಇಳಿದ ಸ್ವಲ್ಪ ದೂರಕ್ಕೇ ಹೋಟೆಲು ಕಂಡಿತು. ಎದುರಿಗೆ ಸಿಮೆಂಟು ಕಟ್ಟೆ ಆಗಲೇ ತಯಾರು. ಅದರ ಪಕ್ಕದಲ್ಲಿ, ನಾವು ಬರುವ ಸುದ್ದಿ ಮೊದಲೇ ತಿಳಿದಿದ್ದ ಗಿರಾಕಿ ಬಿಳಿ ಅಂಗಿ ಹಾಕಿ ನಗುನಗುತ್ತ ಕೈ ಬೀಸುತ್ತಿದ್ದರು. ಪಾಪ, ನಿಂತು, ಚಾ ಕುಡಿದು, ಕೊಡುವುದಿಲ್ಲ ಎಂದು ಮರ್ಯಾದೆಯಿಂದ ಹೇಳಿ ಬರೋಣವೆಂದು ಬ್ರೇಕಿನ ಮೇಲೆ ಕಾಲಿಟ್ಟೆ.

"ನಿಲ್ಸಡ ತಮಾ, ನಿಲ್ಸಡ!" ಎಂದು ಕೂಗಿದ ಅಕ್ಕ ಹಿಂದಿನ ಸೀಟಿನಲ್ಲಿ ಬಗ್ಗಿ ಅಡಗಿಕೊಂಡಳು, ಅರವತ್ತೇಳು ವರ್ಷದ ಹೆಂಗಸು! ನಾನೆಲ್ಲಿ ಅಡಗಲಿ? ಬಾಯಿ ತುಂಬ ಕವಳ. ಅವರನ್ನು ನೋಡಿ ಒಮ್ಮೆ ಗೋಣು ಹಾಕಿ ಆಕ್ಸಿಲರೇಟರು ಒತ್ತಿದೆ. ಬೀಸುತ್ತಿದ್ದ ಅವರ ಕೈ ಗಾಳಿಯಲ್ಲೇ ನಿಂತದ್ದು ಕನ್ನಡಿಯಲ್ಲಿ ಕಂಡಿತು. ರಾತ್ರಿ ಫೋನು ಮಾಡಿ ಕ್ಷಮೆ ಕೇಳಿದೆವು ಅನ್ನಿ.

"ದಾಟ್ತಾ?" ಎಂದು ಕೆಳಗಿಂದ ಕೇಳಿದಳು.

"ದಾಟ್ತು."

ಎದ್ದು ಕೂತು ಕೂದಲು ಸರಿಮಾಡಿಕೊಂಡಳು. ಇಬ್ಬರೂ ಎಷ್ಟು ನಕ್ಕೆವೆಂದರೆ ನಾನು ಕಾರನ್ನು ಬದಿಗೆ ಹಾಕಿ ಕಣ್ಣೊರೆಸಿಕೊಳ್ಳಬೇಕಾಯಿತು. ಎದುರಿಗೆ ಕಡಲ ಕಡೆ, ಅಂಕೋಲೆಗೆ ಇಳಿಯುವ ರಸ್ತೆ. ನಾನು ಊರ ಕಡೆ ತಿರುಗಿಸಲು ಸ್ಟೇರಿಂಗು ಎಳೆದೆ.

ಅಕ್ಕ ನನ್ನ ಭುಜ ಹಿಡಿದಳು. "ಅಪ್ಪಯ್ಯ ಹೋದ ಮೇಲೆ ಈ ಕಾರಲ್ಲಿ ಕೂತ್ಕಂಡು ನಂಗೆ ಹೆದ್ರಿಕೆ ಆಗದೆ ಇದ್ದಿದ್ದು ಇವತ್ತೇ. ಇಷ್ಟು ಬೇಗ ತಿರುಗ್ಸಡ ತಮಾ. ಸಮುದ್ರದ ತನಕ ನೆಡಿ."

ನಾನು ತಿರುಗಿಸಲಿಲ್ಲ.