ಬೆತ್ತದಕ್ಕ ಒಪ್ಪಿದ ನೋಟು

ಕುರ್ಚಿಗಳಿಗೆ ಬೆತ್ತ ಹೆಣೆಯುವ ಅವಳನ್ನು ಊರೆಲ್ಲ ಬೆತ್ತದಕ್ಕ ಎಂದೇ ಕರೆಯುತ್ತಿತ್ತು. ಹುಟ್ಟಿನಿಂದಲೇ ಕಣ್ಣು ಕಾಣದು. ಇಪ್ಪತ್ತೆರಡು ವರ್ಷ ಬೆತ್ತ ಎಳೆದೆಳೆದು ಬೆರಳುಗಳೆಲ್ಲ ಜಡ್ಡುಗಟ್ಟಿದ್ದವು, ಎಡಗೈಯ ತೋರುಬೆರಳೊಂದನ್ನು ಬಿಟ್ಟು. ಕೆಲಸದ ಹೊತ್ತಿನಲ್ಲಿ ಅದಕ್ಕೆ ಬಟ್ಟೆ ಸುತ್ತಿ ಕಾಪಾಡಿಕೊಂಡಿದ್ದಳು. ನೋಟು ಗುರುತಿಸುತ್ತಿದ್ದುದು ಆ ಬೆರಳೇ. ಅಂಗಡಿಗೆ ಒಬ್ಬಳೇ ಹೋಗಿ ಬರುತ್ತಿದ್ದಳು. ಯಾರ ಹಂಗೂ ಇರಲಿಲ್ಲ.

ಮುನ್ನೂರರ ಹೊಸ ನೋಟು ಬರುವ ವರ್ಷ, ನೋಟು ಅಚ್ಚುಹಾಕುವ ಕಚೇರಿಯಿಂದ ಅಂಧರ ಸಂಘಕ್ಕೆ ಪತ್ರ ಬಂತು. ಅಂಚಿನಲ್ಲಿ ಉಬ್ಬುಗೆರೆ ಹಾಕುತ್ತೇವೆ, ಮುಟ್ಟಿ ನೋಡಿ ಹೇಳಬಲ್ಲವರೊಬ್ಬರನ್ನು ಕಳಿಸಿ ಎಂದು. ಬೆತ್ತದಕ್ಕನೇ ಹೋಗಲಿ ಎಂದು ಎಲ್ಲರೂ ಒಂದೇ ಬಾಯಲ್ಲಿ ಹೇಳಿದರು. ಸಂಘದ ಗೆಳೆಯ, ಅವಳಂತೆಯೇ ಕಣ್ಣು ಕಾಣದ, ಚೌಕದಲ್ಲಿ ಪೇಪರ್ ಮಾರುವ ಪೇಪರಣ್ಣ, ಬಸ್ಸಿನವರೆಗೂ ಬಂದ.

"ಸುಮ್ನೆ ತಲೆಯಾಡಿಸಿ ಬಂದ್ಬಿಡಬೇಡ ಕಣಕ್ಕ."

ಕಚೇರಿಯಲ್ಲಿ ಅವಳು ಸುಮ್ಮನೆ ತಲೆಯಾಡಿಸಲಿಲ್ಲ. ಅಧಿಕಾರಿ ಮಾದರಿ ನೋಟನ್ನು ಕೈಗಿಟ್ಟು, "ಗೆರೆ ಸಿಕ್ತೇನಮ್ಮ?" ಎಂದ.

"ಸಿಕ್ತು ಸಾರ್, ಹೊಸದಲ್ವಾ" ಎಂದವಳೇ ನೋಟನ್ನು ಮುಷ್ಟಿಯಲ್ಲಿ ಉಂಡೆ ಮಾಡಿ ಗಸಗಸ ಉಜ್ಜಿದಳು.

"ಅಯ್ಯಯ್ಯೋ, ಮಾದರಿ ನೋಟಮ್ಮಾ ಅದು!"

"ಬಜಾರಲ್ಲಿ ಇದಕ್ಕೆ ಯಾರು ಇಸ್ತ್ರಿ ಹಾಕ್ತಾರೆ ಸಾರ್? ನೋಡಿ, ಗೆರೆ ಮಾಯ. ಅಳತೇಲೂ ಐವತ್ತರ ನೋಟಿನಷ್ಟೇ ಇದೆ. ಗೆರೆ ಸವೆದ ಮೇಲೆ ನಮಗೆ ಐವತ್ತೂ ಒಂದೇ, ಮುನ್ನೂರೂ ಒಂದೇ. ಅರ್ಧ ಬೆರಳು ಉದ್ದ ಮಾಡಿ."

ಅಧಿಕಾರಿ ಬರೆದುಕೊಳ್ಳುವ ಸದ್ದು ಕೇಳಿಸಿತು. ಟೀ ಬಂತು, ಫೋಟೋ ತೆಗೆದರು. ಬಸ್ ಚಾರ್ಜಿನ ರಸೀದಿಗೆಂದು ಗುಮಾಸ್ತ ಎರಡು ಹಾಳೆಗೆ ಹೆಬ್ಬೆಟ್ಟು ಒತ್ತಿಸಿಕೊಂಡ. ಎರಡನೆಯದು ಏನೆಂದು ಅವಳು ಕೇಳಲಿಲ್ಲ.

ನಾಲ್ಕು ತಿಂಗಳಿಗೆ ನೋಟು ಬಂತು. ಉದ್ದ ಅಷ್ಟೇ, ಗೆರೆ ಮಾದರಿಗಿಂತಲೂ ಸಪ್ಪಟೆ. ಪೇಪರಿನಲ್ಲಿ ಅವಳ ಫೋಟೋ. "ಅಂಧರೂ ಮೆಚ್ಚಿದ ನೋಟು!" ಎಂದು ಅವಳ ತಮ್ಮ ಹಿಗ್ಗಿನಿಂದ ಓದಿದ.

"ನಾನೆಲ್ಲಿ ಮೆಚ್ಚಿದೆ ಕಣೋ?"

ಒಂದೇ ವಾರದಲ್ಲಿ ಪೇಪರಣ್ಣ ಐವತ್ತೆಂದುಕೊಂಡು ಮೂರು ಮುನ್ನೂರುಗಳನ್ನು ಚಿಲ್ಲರೆಗೆ ಕೊಟ್ಟು ಕಳೆದುಕೊಂಡ. ಯಾವ ಗಿರಾಕಿಯೂ ತುಟಿ ಬಿಚ್ಚಲಿಲ್ಲ. ಅವನು ಅವಳು ಬೆತ್ತ ಹೆಣೆಯುವ ಕಾರ್ಖಾನೆಗೇ ಬಂದು ಎಲ್ಲರೆದುರು ಕೂಗಾಡಿದ: "ಬಸ್ ಚಾರ್ಜಿಗೆ ನಮ್ಮನ್ನೆಲ್ಲ ಮಾರ್ಬಿಟ್ಯಲ್ಲಕ್ಕ!"

ಮರುದಿನ ಅವಳು ತಮ್ಮನನ್ನು ಕರೆದುಕೊಂಡು ಕಚೇರಿಗೆ ಹೋದಳು. ಅದೇ ಅಧಿಕಾರಿ ಮೆತ್ತಗೆ ಹೇಳಿದ: "ಒಪ್ಪಿಗೆ ಪತ್ರದಲ್ಲಿ ನಿಮ್ಮ ಹೆಬ್ಬೆಟ್ಟಿದೆಯಲ್ಲಮ್ಮ."

"ನಾನು ಹೇಳಿದ್ದನ್ನ ಬರ್ಕೊಂಡ್ರಲ್ಲ, ಆ ಕಾಗದ ಎಲ್ಲಿ?"

"ನೋಟು ಉದ್ದ ಮಾಡಿದ್ರೆ ಎಣಿಸೋ ಮೆಷಿನ್ನುಗಳನ್ನೆಲ್ಲ ಬದಲಾಯಿಸಬೇಕು. ಮುಂದಿನ ಸಲ ನೋಡೋಣ."

ಸಂಘದ ಸಭೆಯಲ್ಲಿ ಅವಳು ನಡೆದದ್ದನ್ನೆಲ್ಲ ಹೇಳಿದಳು. ಯಾರೂ ಬೈಯಲಿಲ್ಲ. ಪಕ್ಕದ ಎರಡು ಕುರ್ಚಿಗಳು ಸದ್ದು ಮಾಡಿಕೊಂಡು ದೂರ ಸರಿದವು, ಅಷ್ಟೇ. ಆಮೇಲೆ ಅವಳು ಆ ಕಡೆ ಹೋಗಲಿಲ್ಲ.

ಈಗ ಅಂಗಡಿಗೆ ತಮ್ಮನ ಹೆಂಡತಿಯ ಜೊತೆ ಹೋಗುತ್ತಾಳೆ. ಮೊದಮೊದಲು ಆಕೆ ಪ್ರತಿ ನೋಟನ್ನೂ ಅಕ್ಕರೆಯಿಂದ ಹೇಳಿಕೊಡುತ್ತಿದ್ದಳು. ಬರಬರುತ್ತಾ ಉತ್ತರಕ್ಕೆ ಮುಂಚೆ ಒಂದು ನಿಟ್ಟುಸಿರು ಕೇಳಿಸತೊಡಗಿತು. ಒಂದು ದಿನ ಕೌಂಟರಿನ ಮುಂದೆಯೇ, "ಪರ್ಸು ನನ್ನ ಹತ್ರಾನೇ ಇರ್ಲಿ ಬಿಡಿ ಅತ್ತಿಗೆ, ನಿಮಗ್ಯಾಕೆ ಈ ತಾಪತ್ರಯ" ಎಂದಳು.

ಬೆತ್ತದಕ್ಕ ಕೊಟ್ಟುಬಿಟ್ಟಳು.