ಸಮುದ್ರಕ್ಕೆ ಬಿದ್ದ ಇಷ್ಟಲಿಂಗ

ದೋಣಿ ವಾಲಿದಾಗ ನಾನು ಹೆದರಿ ಅಪ್ಪನ ಕೊರಳಿಗೆ ಜೋತುಬಿದ್ದೆ. ಎಪ್ಪತ್ತರ ದಶಕದ ಕೊನೆಯಲ್ಲಿ, ಕೊಲಂಬೊದಲ್ಲಿ ನೌಕರಿಯಲ್ಲಿದ್ದ ಸೋದರಮಾವ ನಮ್ಮನ್ನು ಬೆಳಗಾವಿಯಿಂದ ಕರೆಸಿಕೊಂಡು ಸಮುದ್ರದ ಹವಳ ತೋರಿಸಲು ಒಯ್ದಿದ್ದ ದಿನ ಅದು. ದೋಣಿ ನೆಟ್ಟಗಾದ ಮೇಲೆ ಅಪ್ಪ ಎದೆ ತಡವಿಕೊಂಡರು. ಕೊರಳಿನ ಶಿವದಾರ ಹರಿದು, ಇಷ್ಟಲಿಂಗ ಅದನ್ನಿಟ್ಟಿದ್ದ ಪುಟ್ಟ ಕರಡಿಗೆ ಸಮೇತ ನೀರುಪಾಲಾಗಿತ್ತು.

ಮಾವ ಎರಡು ಸಲ ಮುಳುಗಿ ಹುಡುಕಿದರೂ ಸಿಗಲಿಲ್ಲ. ಲಿಂಗಪೂಜೆಯಿಲ್ಲದೆ ಅಪ್ಪ ಉಣ್ಣುವವರಲ್ಲ.

"ಪರದೇಶದಾಗ ಇದೆಲ್ಲಾ ನಡೀತೈತ್ರಿ, ಒಂದ್ ತುತ್ತರ ಉಣ್ರಿ" ಎಂದು ಮಾವ ಅಂಗಲಾಚಿದ.

"ನಿನಗ ನಡೀತೈತಪಾ, ನನಗ ಗಂಟಲಾಗ ಇಳಿಯಂಗಿಲ್ಲ" ಎಂದು ಅಪ್ಪ ತಾಟು ಸರಿಸಿದರು.

ಮರುದಿನವೇ ಊರಿಗೆ ಹೊರಟೆವು. ಖಾನಾಪುರದ ಸ್ವಾಮಿಗಳು ಹೊಸ ಲಿಂಗ ಕಟ್ಟುವವರೆಗೆ, ನಾಲ್ಕು ದಿನ, ಅಪ್ಪ ಬರೀ ನೀರು ಕುಡಿದರು. ಹಡಗಿಳಿದು ಹತ್ತಿದ ರೈಲಿನಲ್ಲಿ ನಾನು ಕೇಳಿದೆ: "ಅಪ್ಪಾ, ನಾ ಜಗ್ಗಿದ್ದಕ್ಕ ಹರೀತೇನು?"

"ಇಲ್ಲವ್ವಾ, ದಾರ ಹಳೇದಾಗಿತ್ತು."

ದಾರ ಬೆರಳಿಗೆ ಸಿಕ್ಕ ನೆನಪು ನನಗಿದೆ. ಅದು ನಿಜವೋ, ಅಳುಕು ಆಮೇಲೆ ಕಟ್ಟಿಕೊಟ್ಟದ್ದೋ ಹೇಳಲಾರೆ. ಅಪ್ಪ ತೀರಿಕೊಂಡ ಮೇಲೆ ಅವ್ವ ಒಂದು ಮಾತು ಹೇಳಿದಳು: ಆ ಪ್ರವಾಸಕ್ಕೆಂದೇ ಅವಳು ಹೊಸ ದಾರ ಹೊಸೆದು ಹಾಕಿದ್ದಳಂತೆ.