ಜಾಗ ಮರೆತ ಬಾಣದ ಮೊನೆಗಳು

೨೦೦೩ರಲ್ಲಿ ನಾನು ಕುಂದಾಪುರದ ಒಂದು ಕಾಲೇಜಿನಲ್ಲಿ ಇತಿಹಾಸದ ಉಪನ್ಯಾಸಕಿಯಾಗಿದ್ದೆ. ಕಾಲೇಜಿನ ಪುಟ್ಟ ಮ್ಯೂಸಿಯಂ ಕೂಡ ನನ್ನ ಸುಪರ್ದಿಯಲ್ಲಿತ್ತು. ಅಲ್ಲಿದ್ದ ನಿಜವಾದ ಆಸ್ತಿಯೆಂದರೆ ಬಿಳಿ ಬೆಣಚುಕಲ್ಲಿನ ನಲವತ್ತಾರು ಬಾಣದ ಮೊನೆಗಳು. ಹೆಚ್ಚಿನವು ಹೆಬ್ಬೆರಳಿನ ಉಗುರಿಗಿಂತ ದೊಡ್ಡವಲ್ಲ. ಸಾವಿರಾರು ವರ್ಷ ಹಿಂದಿನ ಇಂಥ ಸಣ್ಣ ಕಲ್ಲಿನ ಆಯುಧಗಳನ್ನು ಮೈಕ್ರೋಲಿತ್ ಎನ್ನುತ್ತಾರೆ.

ಕೊಟ್ಟವರು ಅಮಾಸೆಬೈಲಿನ ಪದ್ದಕ್ಕ. ಗುಡ್ಡದಲ್ಲಿ ಹುಲ್ಲು ಕೊಯ್ಯುವಾಗ ಕಣ್ಣಿಗೆ ಬಿದ್ದದ್ದನ್ನೆಲ್ಲ ಮೂವತ್ತು ವರ್ಷ ಹೆಕ್ಕಿ ಭರಣಿಯಲ್ಲಿ ಹಾಕಿಟ್ಟಿದ್ದರು. ಯಾವುದು ಎಲ್ಲಿ ಸಿಕ್ಕಿತೆಂದು ಅವರು ಹೇಳುತ್ತ ಹೋದಂತೆ ನಾನು ಚೀಟಿ ಬರೆದುಕೊಂಡೆ. ಸಿಕ್ಕಿದ ಜಾಗ ತಿಳಿಯದ ಮೊನೆ ಸಂಶೋಧಕರ ಪಾಲಿಗೆ ಬರೀ ಕಲ್ಲು. ಆದ್ದರಿಂದ ಕಲ್ಲಿನ ಮೇಲೆ ಬಣ್ಣವಿಲ್ಲದ ನೇಲ್ ಪಾಲಿಶ್ ಒಂದು ಚುಕ್ಕೆ ಹಚ್ಚಿ, ಅದು ಒಣಗಿದ ಮೇಲೆ ಇಂಡಿಯನ್ ಇಂಕಿನಲ್ಲಿ ರಿಜಿಸ್ಟರಿನ ನಂಬರ್ ಬರೆದು, ಯಾವ ನಂಬರ್ ಎಲ್ಲಿಯದೆಂಬ ಪಟ್ಟಿಯ ಪ್ರತಿಯೊಂದನ್ನು ಬೇರೆ ಕಡೆ ಇಡಬೇಕು. ನಾನು ನಾಳೆ, ನಾಡಿದ್ದು ಎನ್ನುತ್ತ ಎರಡು ವರ್ಷ ಕಳೆದಿದ್ದೆ.

ಜೂನ್‌ನಲ್ಲಿ ರಜೆ ಮುಗಿಸಿ ಬಂದು ಕಪಾಟು ತೆಗೆದೆ. ಒಳಗೆಲ್ಲ ಗೆದ್ದಲಿನ ಮಣ್ಣು. ಚೀಟಿಗಳಿಲ್ಲ, ರಟ್ಟಿನ ಟ್ರೇಗಳಿಲ್ಲ, ರಿಜಿಸ್ಟರಿನ ಬೈಂಡು ಮಾತ್ರ ಉಳಿದಿತ್ತು. ಕಲ್ಲುಗಳು ಒಂದೇ ರಾಶಿಯಾಗಿ ಮಣ್ಣಿನಲ್ಲಿ ಬಿದ್ದಿದ್ದವು. ಎಂಟೇ ದಿನದಲ್ಲಿ ಅವನ್ನು ನೋಡಲು ವಿಶ್ವವಿದ್ಯಾಲಯದಿಂದ ಸಂಶೋಧಕರೊಬ್ಬರು ಬರುವವರಿದ್ದರು.

ಕಪಾಟಿಗೆ ಬೀಗ ಹಾಕಿದೆ. ವರಾಂಡದಲ್ಲಿ ಹೆಜ್ಜೆ ಸಪ್ಪಳ ಕೇಳಿದರೆ ಬೀಗ ಸರಿಯಾಗಿದೆಯೇ ಎಂದು ಮತ್ತೆ ನೋಡುತ್ತಿದ್ದೆ. ಎಲ್ಲ ಸಿದ್ಧವಾಗಿದೆಯೇ ಎಂದು ಪ್ರಿನ್ಸಿಪಾಲರು ಕೇಳಿದಾಗ ಹೌದೆಂದುಬಿಟ್ಟೆ. ಆ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಅಂದಾಜಿನ ಮೇಲೆ ಹೊಸ ಚೀಟಿ ಬರೆಯಲು ಕೂತೆ. ಐದು ಬರೆದೆ. ಎಷ್ಟು ಸಲೀಸಾಗಿ ಬಂದವೆಂದರೆ, ಸುಳ್ಳೆಂದು ಯಾರಿಗೂ ಎಂದೂ ಗೊತ್ತಾಗುತ್ತಿರಲಿಲ್ಲ. ಗೆದ್ದಲು ಕಂಡಾಗ ಆಗದಷ್ಟು ಹೆದರಿಕೆ ನನಗಾದದ್ದು ಆಗ. ಐದನ್ನೂ ಹರಿದೆ.

ಶನಿವಾರ ಮೊನೆಗಳನ್ನು ಒಂದೊಂದಾಗಿ ಹತ್ತಿಯಲ್ಲಿ ಸುತ್ತಿಕೊಂಡು ಅಮಾಸೆಬೈಲಿನ ಬಸ್ ಹತ್ತಿದೆ. ಪದ್ದಕ್ಕ ವಾಪಸ್ ಕೊಡಿ ಎಂದರೆ ಯಾವ ಮುಖದಿಂದ ಇಲ್ಲವೆನ್ನಲಿ ಎಂದು ದಾರಿಯುದ್ದಕ್ಕೂ ಅದೇ ಯೋಚನೆ. ಅವರ ಜಗಲಿಯಲ್ಲಿ ಕೂತು ತಪ್ಪು ನನ್ನದೇ ಎಂದು ಎಲ್ಲ ಹೇಳಿದೆ. ಅವರು ಎದ್ದು ಒಳಗಿನಿಂದ ಅಕ್ಕಿ ಕೇರುವ ಗೆರಸಿ ತಂದು ಮುಂದಿಟ್ಟರು.

"ಇದ್ರಗೆ ಹಾಕಿ ಕಾಂಬ."

ಒಂದೊಂದನ್ನೇ ಬೆಳಕಿಗೆ ಹಿಡಿದು, ಅಂಚು ಸವರಿ, ಇದು ನೀರು ಹರಿಯುವ ತೋಡಿನ ಆಚೆಯದು, ಇದು ದನ ಕಟ್ಟುವ ಬಂಡೆಯ ಬುಡದ್ದು ಎಂದು ಹೇಳುತ್ತ ಹೋದರು. ಸಂಜೆಯಾಗುವಾಗ ಮೂವತ್ತೈದಕ್ಕೆ ಜಾಗ ಸಿಕ್ಕಿತ್ತು. ಹನ್ನೊಂದನ್ನು ಮೂರು ಸಲ ನೋಡಿ ಬದಿಗಿಟ್ಟರು. ನಾನು ಬಿಡಲಿಲ್ಲ. ಇದು ತೋಡಿನದೇ ಇರಬಹುದಲ್ಲ ಎಂದು ಪೆನ್ನು ಎತ್ತಿದೆ. ಅವರು ನನ್ನ ಮಣಿಕಟ್ಟು ಹಿಡಿದರು.

"ಟೀಚ್ರೇ, ಹೆಕ್ಕದ್ ನಾನ್. ನಂಗೇ ಗೊತ್ತಿಲ್ದದ್ದ್ ನೀವ್ ಹ್ಯಾಂಗ್ ಬರೀತ್ರಿ? ಗೊತ್ತಿಲ್ಲ ಅಂತೇಳಿ ಬರೀಕ್."

ಸೋಮವಾರ ಪ್ರಿನ್ಸಿಪಾಲರಿಗೆ ನಿಜ ಹೇಳಿದೆ. ಅವರು ಬೈಯಲಿಲ್ಲ, ಮೆಮೊ ಕೊಟ್ಟರು. ಸಂಶೋಧಕರು ಬಂದಾಗ ಅವರಿಗೂ ನಡೆದದ್ದನ್ನು ವಿವರಿಸಿದೆ. ಅವರು ಮೂವತ್ತೈದನ್ನು ಅಳೆದು, ಪದ್ದಕ್ಕನ ನೆನಪಿನ ಆಧಾರ ಎಂದು ಬರೆದುಕೊಂಡರು. ಹನ್ನೊಂದನ್ನು ಮುಟ್ಟಲಿಲ್ಲ. ಹೊರಡುವಾಗ ಅವರೆಂದರು:

"ಈ ಹನ್ನೊಂದಕ್ಕೂ ನೀವು ಜಾಗ ಬರೆದಿದ್ದರೆ ನಾನು ಎಲ್ಲವನ್ನೂ ನಂಬಿಬಿಡುತ್ತಿದ್ದೆ."

ಅವರು ಹೋದ ಮೇಲೆ ಅಂದೇ ಕೂತು ನಲವತ್ತಾರಕ್ಕೂ ನಂಬರ್ ಬರೆದೆ. ನಿವೃತ್ತಿಯವರೆಗೆ ಕೈಗೆ ಬಂದ ಯಾವ ವಸ್ತುವನ್ನೂ ನಂಬರಿಲ್ಲದೆ ಒಂದು ದಿನವೂ ಇಡಲಿಲ್ಲ. ಹಳೆಯದನ್ನು ಕಾಯುವವರು ಗೆದ್ದಲಿಗೆ ಹೆದರಬೇಕು, ನಿಜ. ಅದಕ್ಕಿಂತ ಹೆಚ್ಚು ಹೆದರಬೇಕಾದದ್ದು ಖಾಲಿ ಚೀಟಿಯ ಮುಂದೆ ಕೂತ ತಮ್ಮ ಕೈಗೇ ಎಂದು ಆ ಎಂಟು ದಿನ ನನಗೆ ಕಲಿಸಿತು.